ಎಂಜಿಬಿಯ ಹಿಂದಿನ ಆಕ್ಸಲ್ ಬದಲಿಸುವ ಮುಂಚೆ ಹ್ಯಾಂಡ್‌ಬ್ರೇಕ್ ಹಾಕಿ ಚಕ್ರ ಅಲುಗಾಡಿಸಿ ನೋಡಿ

ಪ್ರಶ್ನೆ: ಸರ್, ನಾನು ಬೆಳಗಾವಿಯ ಟಿಳಕವಾಡಿಯವನು. ನಮ್ಮ ಸೋದರಮಾವ ಸೈನ್ಯದಲ್ಲಿದ್ದರು. ಅವರ 1969ರ ಎಂಜಿಬಿ ರೋಡ್‌ಸ್ಟರ್ ಈಗ ನನ್ನ ಹತ್ತಿರ ಇದೆ. ಬ್ರಿಟಿಷ್ ಎಂಜಿ ಕಂಪನಿಯ ತೆರೆದ ಸ್ಪೋರ್ಟ್ಸ್ ಕಾರು, ಸ್ಪೋಕ್ ಚಕ್ರದ ಗಾಡಿ. ಕ್ಲಚ್ ಬಿಟ್ಟ ಕೂಡಲೇ ಹಿಂದಿನಿಂದ ‘ಠಣ್’ ಅನ್ನುತ್ತದೆ. ರಿವರ್ಸ್‌ನಲ್ಲಿ ಬ್ರೇಕ್ ಒತ್ತಿದರೂ ಅದೇ ಸದ್ದು. ಬ್ರೇಕ್ ಹಾಕಿದರೆ ಸ್ವಲ್ಪ ಬಲಕ್ಕೆ ಎಳೆಯುತ್ತದೆ. ಎಡ ಹಿಂದಿನ ಚಕ್ರದ ಒಳಗೆ ಎಣ್ಣೆ ಜಿನುಗಿದೆ. ಹೋದ ತಿಂಗಳು ಚೋರ್ಲಾ ಘಾಟ್ ಇಳಿಯುವಾಗ ಪೆಡಲ್ ಅರ್ಧಕ್ಕೆ ಹೋಯಿತು, ಜೀವ ಬಾಯಿಗೆ ಬಂತು. ನಮ್ಮ ಮಿಸ್ತ್ರಿ ಮೂರು ದಾರಿ ಹೇಳುತ್ತಾರೆ. ಒಂದು, ಅಂಬಾಸಿಡರ್ ಆಕ್ಸಲ್ (ಹಿಂದಿನ ಎರಡು ಚಕ್ರ ಹೊರುವ ಅಡ್ಡ ದಿಂಡು) ಕೂರಿಸೋಣ, ಎರಡೂ ಒಂದೇ ಕುಲ ಅಂತ. ಎರಡು, ಪುಣೆಯಲ್ಲಿ ಒಂದು ಎಂಜಿಬಿ ಆಕ್ಸಲ್ ಸಿಗುತ್ತದೆ, ಆದರೆ ಅದು ಸ್ಟೀಲ್ ಚಕ್ರದ ಗಾಡಿಯದು. ಮೂರು, ಹಿಂದೆ ಡಿಸ್ಕ್ ಬ್ರೇಕ್ ಹಾಕಿಸುವುದು. ಯಾವುದು ಸರಿ?

ಉತ್ತರ: ಮೊದಲು ಒಂದು ಮಾತು. ಎಡ ಚಕ್ರದಲ್ಲಿ ಜಿನುಗುತ್ತಿರುವುದು ಏನು ಅಂತ ಗೊತ್ತಾಗುವ ತನಕ ದಯವಿಟ್ಟು ಗಾಡಿ ಹೊರಗೆ ತೆಗೆಯಬೇಡಿ. ನೀವು ಅದನ್ನು ಎಣ್ಣೆ ಅಂದಿದ್ದೀರಿ. ಅದು ಗೇರ್ ಎಣ್ಣೆಯೋ ಬ್ರೇಕ್ ಎಣ್ಣೆಯೋ ಅಂತ ನೋಡಿದ್ದೀರಾ? ಇಂಗ್ಲೆಂಡಿನ ಮಾರುಕಟ್ಟೆಗೆ ಬಂದ ಆ ಕಾಲದ ಎಂಜಿಬಿಗಳಲ್ಲಿ ಬ್ರೇಕಿಗೆ ಒಂದೇ ಸರ್ಕ್ಯೂಟ್. ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರ್ ನಾಲ್ಕೂ ಚಕ್ರಕ್ಕೆ ಒಂದೇ, ದಾರಿಯೂ ಒಂದೇ. ಹಿಂದಿನ ಒಂದು ವೀಲ್ ಸಿಲಿಂಡರ್ (ಎಣ್ಣೆಯ ಒತ್ತಡದಿಂದ ಆ ಚಕ್ರದ ಬ್ರೇಕ್ ತಳ್ಳುವ ಭಾಗ) ಕೈಕೊಟ್ಟರೆ ಮುಂದಿನ ಬ್ರೇಕೂ ಹೋಗುತ್ತದೆ. ಘಾಟಿನಲ್ಲಿ ಪೆಡಲ್ ಇಳಿದದ್ದನ್ನೂ ಈ ಸೋರಿಕೆಯನ್ನೂ ಒಟ್ಟಿಗೆ ಇಟ್ಟು ನೋಡಿದರೆ ನನಗೆ ಆಕ್ಸಲ್‌ಗಿಂತ ಇದೇ ಜಾಸ್ತಿ ಭಯ.

ಗುರುತಿಸುವುದು ಸುಲಭ. ಚಕ್ರದ ಹಿಂದೆ ಬ್ರೇಕ್ ಮುಚ್ಚಿರುವ ಬಟ್ಟಲು, ಅಂದರೆ ಡ್ರಮ್ ಬಿಚ್ಚಿ ಒಂದು ಹನಿಯನ್ನು ಬೆರಳಿಗೆ ಹಚ್ಚಿಕೊಳ್ಳಿ. ಗೇರ್ ಎಣ್ಣೆ ದಪ್ಪಗಿರುತ್ತದೆ, ಗಂಧಕದ ಘಾಟು ವಾಸನೆ ಬರುತ್ತದೆ, ನಲ್ಲಿಯ ಕೆಳಗೆ ಹಿಡಿದರೆ ನೀರು ಅದರ ಮೇಲಿಂದ ಜಾರಿ ಹೋಗುತ್ತದೆ. ಬ್ರೇಕ್ ಎಣ್ಣೆ ತೆಳ್ಳಗೆ, ನೀರಿನಲ್ಲಿ ತೊಳೆದು ಹೋಗುತ್ತದೆ. ಅದು ಸೋರಿದ ಕಡೆ ಬಣ್ಣ ಉಬ್ಬಿ ಎದ್ದಿರುತ್ತದೆ. ಮಾಸ್ಟರ್ ಸಿಲಿಂಡರ್ ಡಬ್ಬಿಯಲ್ಲಿ ಮಟ್ಟ ಇಳಿದಿದ್ದರೆ ಇನ್ನೂ ಖಾತ್ರಿ. ಎರಡು ನಿಮಿಷದ ಕೆಲಸ, ಆದರೆ ಮುಂದಿನ ಎಲ್ಲಾ ಖರ್ಚು ಇದರ ಮೇಲೆ ನಿಂತಿದೆ.

ಈಗ ನಿಮ್ಮ ಚಿಂತೆಗೆ ಬರುತ್ತೇನೆ. ನೀವು ಕೇಳಿದ್ದು ಮೂರರಲ್ಲಿ ಯಾವ ಆಕ್ಸಲ್ ಅಂತ. ನಿಮ್ಮ ಪತ್ರ ಓದಿದರೆ ಆಕ್ಸಲ್ ಕೆಟ್ಟಿದೆ ಅನ್ನುವುದಕ್ಕೆ ಒಂದೂ ಪುರಾವೆ ಕಾಣುತ್ತಿಲ್ಲ. ಸದ್ದು ಒಂದು ರೋಗ, ಸೋರಿಕೆ ಇನ್ನೊಂದು, ಎಳೆತ ಮೂರನೆಯದು, ಪೆಡಲ್ ಇಳಿದದ್ದು ನಾಲ್ಕನೆಯದು. ನಾಲ್ಕೂ ಹಿಂದಿನ ಕಡೆಯೇ ಕಂಡವು ಅಂತ ಪೂರ್ತಿ ಹಿಂಭಾಗವನ್ನೇ ಬಿಚ್ಚಿ ಎಸೆಯುವುದು ಬೇಡ.

‘ಠಣ್’ ಸದ್ದಿನಿಂದ ಶುರು ಮಾಡೋಣ. ಸ್ಪೋಕ್ ಚಕ್ರದ ಎಂಜಿಬಿಯಲ್ಲಿ ಚಕ್ರಕ್ಕೆ ನಟ್ಟುಗಳಿಲ್ಲ. ಚಕ್ರ ಕೂರುವ ಹಬ್ ಮೇಲೆ ಸುತ್ತಲೂ ಹಲ್ಲುಗಳಿರುತ್ತವೆ, ಅದಕ್ಕೆ ಸ್ಪ್ಲೈನ್ ಅನ್ನುತ್ತೇವೆ. ಚಕ್ರದ ಒಳಗೂ ಅಂಥದೇ ಹಲ್ಲು. ನಡುವೆ ಒಂದೇ ಒಂದು ದೊಡ್ಡ ನಟ್. ಇಂಜಿನ್ನಿನ ಬಲವೂ ಬ್ರೇಕಿನ ಬಲವೂ ಈ ಹಲ್ಲುಗಳ ಮೂಲಕವೇ ಹೋಗಬೇಕು. ಗ್ರೀಸ್ ಕಾಣದ ಹಲ್ಲು ಸವೆದು ಸವೆದು ಚೂಪಾಗುತ್ತದೆ. ಆಮೇಲೆ ಮುಂದೆ ಹೋಗುವಾಗ ಒಂದು ಕಡೆ ಬಡಿಯುತ್ತದೆ, ರಿವರ್ಸ್‌ನಲ್ಲಿ ಹೋಗುವಾಗ ಇನ್ನೊಂದು ಕಡೆಗೆ ಸರಿಯುತ್ತದೆ, ಅಲ್ಲಿ ಬ್ರೇಕ್ ಒತ್ತಿದರೆ ಮತ್ತೆ ಮೊದಲಿನ ಕಡೆಗೆ ಬಡಿಯುತ್ತದೆ. ನೀವು ಬರೆದ ಲಕ್ಷಣ ಇದಕ್ಕೆ ಸರಿಯಾಗಿ ಹೊಂದುತ್ತದೆ.

ಪರೀಕ್ಷೆ ಹೀಗೆ ಮಾಡಿ. ಮುಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ. ಹಿಂಭಾಗ ಎತ್ತಿ ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಡಿ. ಬರೀ ಜಾಕ್ ಮೇಲೆ ಬೇಡ, ಸಿಮೆಂಟ್ ಬ್ಲಾಕ್ ಅಂತೂ ಬೇಡವೇ ಬೇಡ, ಅದು ಹೇಳದೆ ಕೇಳದೆ ಒಡೆಯುತ್ತದೆ. ಹ್ಯಾಂಡ್‌ಬ್ರೇಕ್ ಗಟ್ಟಿಯಾಗಿ ಎಳೆಯಿರಿ. ಈಗ ಚಕ್ರವನ್ನು ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ತಿರುಗಿಸುವ ಹಾಗೆ ಹಿಂದೆ ಮುಂದೆ ಅಲುಗಾಡಿಸಿ. ಒಬ್ಬರು ಸ್ಪೋಕ್‌ಗಳ ನಡುವಿನಿಂದ ಟಾರ್ಚ್ ಹಾಕಿ ಡ್ರಮ್ ನೋಡುತ್ತಿರಲಿ. ಡ್ರಮ್ ನಿಂತಲ್ಲೇ ನಿಂತು ಚಕ್ರ ಮಾತ್ರ ಕಟಕ್ ಕಟಕ್ ಅಂತ ಆಡಿದರೆ ಸವೆದಿರುವುದು ಸ್ಪ್ಲೈನ್. ಆಗ ಬೇಕಾದದ್ದು ಹಬ್ಬು ಮತ್ತು ಚಕ್ರ. ಎರಡನ್ನೂ ಒಟ್ಟಿಗೆ ಬದಲಿಸಿ. ಹಳೆ ಹಬ್ಬಿಗೆ ಹೊಸ ಚಕ್ರ ಹಾಕಿದರೆ ಹಳೆಯ ಹಲ್ಲು ಹೊಸದನ್ನು ತಿಂದು ಹಾಕುತ್ತದೆ.

ಚಕ್ರ ಆಡದಿದ್ದರೆ ಹ್ಯಾಂಡ್‌ಬ್ರೇಕ್ ಹಾಗೇ ಇರಲಿ, ಗೇರ್ ನ್ಯೂಟ್ರಲ್ ಮಾಡಿ, ಗೇರ್‌ಬಾಕ್ಸಿನಿಂದ ಆಕ್ಸಲ್ ತನಕ ಹೋಗುವ ಉದ್ದದ ಪ್ರೊಪೆಲ್ಲರ್ ಶಾಫ್ಟನ್ನು ಕೈಯಲ್ಲಿ ತಿರುಗಿಸಿ ನೋಡಿ. ಅದರ ತುದಿಯ ಯೂನಿವರ್ಸಲ್ ಜಾಯಿಂಟ್ ಸಡಿಲ ಇದ್ದರೆ ಅಲ್ಲೇ ಕಾಣುತ್ತದೆ. ಕಮಾನು ಪಾಟಾ ಬಿಗಿದಿರುವ ಯು-ಬೋಲ್ಟ್‌ಗಳನ್ನೂ ಒಮ್ಮೆ ನೋಡಿ, ಅವು ಸಡಿಲ ಆದರೂ ಇದೇ ಸದ್ದು. ಎಲ್ಲಾ ಸರಿ ಇದ್ದು ಶಾಫ್ಟ್ ಮಾತ್ರ ಜಾಸ್ತಿ ಆಡುತ್ತಿದ್ದರೆ ಆಗ ಆಕ್ಸಲ್ ನಡುವಿನ ಗೇರ್ ಪೆಟ್ಟಿಗೆ, ಅಂದರೆ ಡಿಫರೆನ್ಶಿಯಲ್ ಒಳಗೆ ಅನುಮಾನ. ಅಲ್ಲಿಯೂ ಹತ್ತರಲ್ಲಿ ಏಳೆಂಟು ಸಲ ಸವೆದಿರುವುದು ದೊಡ್ಡ ಗೇರ್ ಜೋಡಿ ಕ್ರೌನ್ ಪಿನಿಯನ್ ಅಲ್ಲ, ಒಳಗಿನ ಚಿಕ್ಕ ಗೇರುಗಳ ಹಿಂದಿನ ಥ್ರಸ್ಟ್ ವಾಷರ್‌ಗಳು. 1967ರಿಂದ ರೋಡ್‌ಸ್ಟರಿಗೆ ಟ್ಯೂಬ್ ಮಾದರಿಯ ಆಕ್ಸಲ್ ಬಂತು, ನಿಮ್ಮದು ಅದೇ. ಅದರ ಹಿಂದಿನ ಮುಚ್ಚಳ ಬಿಚ್ಚಿ, ಚಕ್ರಕ್ಕೆ ಬಲ ಒಯ್ಯುವ ಹಾಫ್ ಶಾಫ್ಟ್ ಎಳೆದು, ಆಕ್ಸಲ್ ಕೆಳಗಿಳಿಸದೆಯೇ ವಾಷರ್ ಬದಲಿಸಬಹುದು. ಅಂಗೈಯಲ್ಲಿ ಹಿಡಿಯುವಷ್ಟು ಸಾಮಾನು. ಈ ವಾಷರ್‌ಗಾಗಿ ಪೂರ್ತಿ ಆಕ್ಸಲ್ ಬದಲಿಸಿದವರನ್ನು ನಾನು ನೋಡಿದ್ದೇನೆ, ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಜಿನುಗುತ್ತಿರುವುದು ಗೇರ್ ಎಣ್ಣೆಯೇ ಆಗಿದ್ದರೆ ಸೀಲ್ ಬದಲಿಸಿ, ಆದರೆ ಸೀಲ್ ಯಾಕೆ ಸೋತಿತು ಅಂತಲೂ ಕೇಳಿ. ಆಕ್ಸಲ್ ಮೇಲೆ ಉಸಿರಾಡಲು ಒಂದು ಸಣ್ಣ ಬ್ರೀದರ್ ಇದೆ. ನಮ್ಮ ಕೆಂಪು ಮಣ್ಣು, ಮಳೆಗಾಲದ ಕೆಸರು ಕೂತು ಅದು ಮುಚ್ಚಿ ಹೋಗುತ್ತದೆ. ಓಡುವಾಗ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತದೆ, ಹೋಗಲು ದಾರಿ ಇಲ್ಲದೆ ಸೀಲ್ ದಾಟಿಸಿ ಎಣ್ಣೆ ತಳ್ಳುತ್ತದೆ. ಇನ್ನೊಂದು ಕಾರಣ, ಅತಿ ಎಣ್ಣೆ. ಈ ಟ್ಯೂಬ್ ಆಕ್ಸಲ್‌ಗೆ ಬೇಕಾದದ್ದು ಸುಮಾರು 0.85 ಲೀಟರ್ ಮಾತ್ರ. ದೊಡ್ಡ ಗಾಡಿಯ ಅಂದಾಜಿನಲ್ಲಿ ಸುರಿದರೆ ಅದು ಎಲ್ಲಿಗೆ ಹೋಗಬೇಕು? ಡ್ರಮ್ಮಿಗೇ ಬರುತ್ತದೆ.

ಎಣ್ಣೆ ಕುಡಿದ ಬ್ರೇಕ್ ಲೈನರ್ (ಶೂ ಮೇಲಿದ್ದು ಡ್ರಮ್ಮಿಗೆ ಉಜ್ಜುವ ಪಟ್ಟಿ) ಬಗ್ಗೆ ನಮ್ಮ ಕಡೆ ಒಂದು ಗಟ್ಟಿ ನಂಬಿಕೆ ಇದೆ. ಪೆಟ್ರೋಲಿನಲ್ಲಿ ತೊಳೆದು ಬೆಂಕಿ ಹಚ್ಚಿ ಸುಟ್ಟರೆ ಸರಿ ಹೋಗುತ್ತದೆ ಅಂತ. ಇಲ್ಲ, ಹೋಗುವುದಿಲ್ಲ. ಲೈನರ್ ಒಳಗೆ ಇಳಿದ ಎಣ್ಣೆ ಬಿಸಿಯಾದ ಕೂಡಲೇ ಮತ್ತೆ ಮೇಲೆ ಬರುತ್ತದೆ. ಬಿಸಿಯಾಗುವುದು ಘಾಟಿನಲ್ಲಿ, ಬ್ರೇಕ್ ಬೇಕೇ ಬೇಕು ಅನ್ನುವ ಹೊತ್ತಿನಲ್ಲಿ. ಎರಡೂ ಕಡೆಯ ಶೂ ಹೊಸದು ಹಾಕಿ, ಬರೀ ಎಡಗಡೆ ಅಲ್ಲ. ಹಳೆಯ ಲೈನರ್‌ಗಳಲ್ಲಿ ಆಸ್‌ಬೆಸ್ಟಾಸ್ ಇರುವ ಸಾಧ್ಯತೆ ಇದೆ. ಡ್ರಮ್ಮಿನ ಧೂಳನ್ನು ಕಂಪ್ರೆಸರ್ ಗಾಳಿಯಿಂದ ಊದಬಾರದು. ಒದ್ದೆ ಬಟ್ಟೆಯಲ್ಲಿ ಒರೆಸಿ. ಕೆಲಸ ಕಲಿಯುವ ಸಣ್ಣ ಹುಡುಗರು ಅಲ್ಲೇ ಕೂತಿರುತ್ತಾರೆ, ಅದಕ್ಕೇ ಹೇಳುತ್ತಿದ್ದೇನೆ.

ಬಲಕ್ಕೆ ಎಳೆಯುವುದಕ್ಕೆ ಎಡ ಹಿಂದಿನ ಎಣ್ಣೆಯೇ ಕಾರಣ ಅಂತ ಎಲ್ಲರೂ ಒಪ್ಪಿಕೊಂಡ ಹಾಗಿದೆ. ನಾನು ಅಷ್ಟು ಬೇಗ ಒಪ್ಪುವುದಿಲ್ಲ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವಾಲುತ್ತದೆ, ಜಾಸ್ತಿ ಕೆಲಸ ಮುಂದಿನ ಡಿಸ್ಕ್‌ಗಳದು. ಎಳೆತವೂ ಅಲ್ಲಿಂದಲೇ ಬರುವುದು ಹೆಚ್ಚು. ಎಡ ಮುಂದಿನ ಡಿಸ್ಕನ್ನು ಅದುಮಿ ಹಿಡಿಯುವ ಕ್ಯಾಲಿಪರ್ ಪಿಸ್ಟನ್ ತುಕ್ಕು ಹಿಡಿದು ಅಂಟಿಕೊಂಡಿದೆಯಾ, ಮೊದಲು ನೋಡಿ.

ಪೆಡಲ್ ಇಳಿದದ್ದು ಒಂದೋ ಸೋರಿಕೆ, ಇಲ್ಲವೇ ಹಳೆ ಬ್ರೇಕ್ ಎಣ್ಣೆ ಕುದಿದದ್ದು. ಬ್ರೇಕ್ ಎಣ್ಣೆ ಗಾಳಿಯಲ್ಲಿನ ತೇವ ಹೀರುತ್ತದೆ, ಬೆಳಗಾವಿಯ ಮಳೆಗಾಲ ನಿಮಗೆ ಗೊತ್ತೇ ಇದೆ. ಹೊಸ ಡಾಟ್ 4 ಎಣ್ಣೆ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಅಂತ ನಿಯಮ. ತೇವ ಹೀರಿದ ಮೇಲೆ ಆ ಮಿತಿ 155 ಡಿಗ್ರಿ. ಕುದ್ದರೆ ಪೈಪಿನಲ್ಲಿ ಆವಿಯ ಗುಳ್ಳೆ ಆಗುತ್ತದೆ, ಎಣ್ಣೆಯ ಹಾಗೆ ಅದು ಒತ್ತಡ ದಾಟಿಸುವುದಿಲ್ಲ, ಪೆಡಲ್ ಕೆಳಗೆ ಹೋಗುತ್ತದೆ. ಗಾಡಿ ಓಡಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಎಣ್ಣೆ ಪೂರ್ತಿ ಬದಲಿಸಿ. ಜೊತೆಗೆ ಬಾಡಿಯಿಂದ ಆಕ್ಸಲ್‌ಗೆ ಇಳಿಯುವ ರಬ್ಬರ್ ಹೋಸ್ ಕೂಡ. ಹಳೆಯ ಹೋಸ್ ಹೊರಗೆ ಚೆನ್ನಾಗಿಯೇ ಕಾಣುತ್ತದೆ, ಒಳಗೆ ಊದಿ ದಾರಿ ಮುಚ್ಚಿರುತ್ತದೆ. ಪೆಡಲ್ ಬಿಟ್ಟರೂ ಎಣ್ಣೆ ವಾಪಸ್ ಬರದೆ ಬ್ರೇಕ್ ಹಿಡಿದೇ ಇರುತ್ತದೆ, ಡ್ರಮ್ ಕಾಯುತ್ತದೆ. ರಬ್ಬರ್ ಸೀಲ್ ಇರುವ ಯಾವುದನ್ನೂ ಪೆಟ್ರೋಲು, ಸೀಮೆಎಣ್ಣೆ, ಇಂಜಿನ್ ಆಯಿಲ್ ಮುಟ್ಟಿಸಬಾರದು. ಹಾಗೆ ತೊಳೆದ ಒಂದು ವೀಲ್ ಸಿಲಿಂಡರನ್ನು ನಾನು ಬಿಚ್ಚಿದಾಗ ಒಳಗಿನ ಸೀಲ್ ರಾತ್ರಿ ನೆನೆಸಿಟ್ಟ ಕಡಲೆಯ ಹಾಗೆ ಉಬ್ಬಿ ಮೆತ್ತಗಾಗಿತ್ತು. ಉಗುರು ಒತ್ತಿದರೆ ಗುರುತು ಬೀಳುತ್ತಿತ್ತು.

ಇಷ್ಟೆಲ್ಲಾ ನೋಡಿದ ಮೇಲೂ ಆಕ್ಸಲ್ ನಿಜವಾಗಿ ಹೋಗಿದೆ ಅಂತಾದರೆ ಮಿಸ್ತ್ರಿಯವರ ಮೂರು ದಾರಿಗೆ ಬರೋಣ.

ಅಂಬಾಸಿಡರ್ ಮಾತಿನಲ್ಲಿ ಅರ್ಧ ಸತ್ಯ ಇದೆ, ಅದಕ್ಕೇ ಜನ ನಂಬುತ್ತಾರೆ. ಎಂಜಿಬಿಯ 1798 ಸಿಸಿ ಇಂಜಿನ್ನು, ಅಂಬಾಸಿಡರಿನ 1489 ಸಿಸಿ ಇಂಜಿನ್ನು ಎರಡೂ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ಕುಟುಂಬದವು. ನಾನೂ ಕೆಲಸ ಕಲಿತದ್ದು ಅಂಬಾಸಿಡರ್ ಮೇಲೆ, ಅದರ ಬಗ್ಗೆ ನನಗೆ ಗೌರವವೇ ಇದೆ. ಆದರೆ ಇಂಜಿನ್ ಕುಲ ಒಂದೇ ಅಂದ ಮಾತ್ರಕ್ಕೆ ಆಕ್ಸಲ್ ಕೂರುವುದಿಲ್ಲ. ಅದು ಅಗಲ ಜಾಸ್ತಿ, ನಿಮ್ಮ ಗಾಡಿಯ ಮಡ್‌ಗಾರ್ಡಿನೊಳಗೆ ಟೈರ್ ಹಿಡಿಸುವುದಿಲ್ಲ. ಪಾಟಾ ಕೂರುವ ಜಾಗವನ್ನು ಕತ್ತರಿಸಿ ಬೇರೆ ಕಡೆ ವೆಲ್ಡ್ ಮಾಡಬೇಕು. ಹೌಸಿಂಗ್ ಟ್ಯೂಬಿಗೆ ವೆಲ್ಡಿಂಗ್ ಬಿದ್ದರೆ ಅದು ಕೂದಲೆಳೆಯಷ್ಟು ಬಾಗುತ್ತದೆ, ಬೇರಿಂಗು ಸೀಲು ಎರಡೂ ಬೇಗ ಹೋಗುತ್ತವೆ. ಗೇರ್ ರೇಶಿಯೋ ಬೇರೆ. ನಿಮ್ಮ ಎಂಜಿಬಿಯದು 3.909. ಟಾಪ್ ಗೇರಿನಲ್ಲಿ ಗಂಟೆಗೆ 80 ಕಿಲೋಮೀಟರ್ ಹೋಗುವಾಗ ಇಂಜಿನ್ ಸುಮಾರು 2,800 ಸುತ್ತು ತಿರುಗುತ್ತದೆ. ರೇಶಿಯೋ 4.5ರ ಹತ್ತಿರದ ಆಕ್ಸಲ್ ಹಾಕಿದರೆ ಅದೇ ವೇಗಕ್ಕೆ 3,200 ದಾಟುತ್ತದೆ. ಹೈವೇಯಲ್ಲಿ ಇಂಜಿನ್ ಚೀರುತ್ತದೆ, ಸ್ಪೀಡೋಮೀಟರ್ ತಪ್ಪು ತೋರಿಸುತ್ತದೆ. ಸ್ಪೋಕ್ ಚಕ್ರವಂತೂ ಅದಕ್ಕೆ ಕೂರುವುದೇ ಇಲ್ಲ. ಈ ದಾರಿ ಬಿಟ್ಟುಬಿಡಿ.

ಇಷ್ಟೆಲ್ಲದಕ್ಕಿಂತ ದೊಡ್ಡ ಅಪಾಯ ಬ್ರೇಕಿನದು, ಅದು ಮೂರೂ ದಾರಿಗೆ ಅನ್ವಯಿಸುತ್ತದೆ. ಬ್ರೇಕಿನಲ್ಲಿ ಹಿಂದಿನ ಚಕ್ರ ಮುಂದಿನದಕ್ಕಿಂತ ಮೊದಲು ಲಾಕ್ ಆಗಬಾರದು. ಮುಂದಿನದು ಲಾಕ್ ಆದರೆ ಗಾಡಿ ನೇರ ಜಾರುತ್ತದೆ, ಪೆಡಲ್ ಸಡಿಲಿಸಿದರೆ ಕೈಗೆ ಬರುತ್ತದೆ. ಹಿಂದಿನದು ಲಾಕ್ ಆದರೆ ಬಾಲ ಮುಂದಕ್ಕೆ ಬರಲು ನೋಡುತ್ತದೆ, ಗಾಡಿ ತಿರುಗಿ ನಿಲ್ಲುತ್ತದೆ. ಒದ್ದೆ ರಸ್ತೆಯ ತಿರುವಿನಲ್ಲಿ ಅದನ್ನು ಹಿಡಿಯುವವರು ಕಮ್ಮಿ. ಎಂಜಿಬಿಗೆ ಮುಂದೆ 10.75 ಇಂಚಿನ ಡಿಸ್ಕ್, ಹಿಂದೆ 10 ಇಂಚಿನ ಡ್ರಮ್, ಅದಕ್ಕೆ ತಕ್ಕ ವೀಲ್ ಸಿಲಿಂಡರ್ ಕೊಟ್ಟಿದ್ದಾರೆ. ಈ ಲೆಕ್ಕ ತಪ್ಪಿಸುವುದು ಎಷ್ಟು ಸುಲಭ ನೋಡಿ. ಮುಕ್ಕಾಲು ಇಂಚಿನ ವೀಲ್ ಸಿಲಿಂಡರ್ ಇರುವ ಗಾಡಿಗೆ ‘ಸ್ವಲ್ಪ ದೊಡ್ಡದು ಇದೆ, ಕೂರುತ್ತದೆ’ ಅಂತ 7/8 ಇಂಚಿನದು ಹಾಕಿದರು ಅಂತ ಇಟ್ಟುಕೊಳ್ಳಿ. ಕಣ್ಣಿಗೆ ಮೂರು ಮಿಲಿಮೀಟರ್ ವ್ಯತ್ಯಾಸ. ಆದರೆ ಬಲ ಹೋಗುವುದು ವ್ಯಾಸದ ವರ್ಗದ ಲೆಕ್ಕದಲ್ಲಿ. 36 ಇದ್ದದ್ದು 49 ಆಗುತ್ತದೆ, ಅಂದರೆ ಹಿಂದಿನ ಬ್ರೇಕ್ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಗಟ್ಟಿಯಾಯಿತು. ಒಣ ರಸ್ತೆಯಲ್ಲಿ ‘ವಾಹ್, ಬ್ರೇಕ್ ಸೂಪರ್’ ಅನ್ನಿಸುತ್ತದೆ. ಮೊದಲ ಮಳೆಗೆ ಗೊತ್ತಾಗುತ್ತದೆ.

ಹಿಂದಿನ ಡಿಸ್ಕ್ ಬ್ರೇಕಿನ ಆಸೆಗೂ ಇದೇ ಉತ್ತರ. ಸುಮಾರು ಒಂದು ಟನ್ ತೂಕದ ಗಾಡಿಗೆ ಹಿಂದಿನ ಡ್ರಮ್ ಧಾರಾಳವಾಗಿ ಸಾಕು. ಡಿಸ್ಕಿಗೆ ಹೋದರೆ ಕ್ಯಾಲಿಪರ್ ಪಿಸ್ಟನ್ ಅಳತೆ, ಮಾಸ್ಟರ್ ಸಿಲಿಂಡರ್, ಹ್ಯಾಂಡ್‌ಬ್ರೇಕ್ ಎಲ್ಲವನ್ನೂ ಹೊಸದಾಗಿ ಲೆಕ್ಕ ಹಾಕಬೇಕು. ಯಾವುದೋ ಗಾಡಿಯ ಕ್ಯಾಲಿಪರ್ ತಂದು ನಮ್ಮ ಕೈಗಾರಿಕಾ ಪ್ರದೇಶ ಉದ್ಯಮಬಾಗಿನಲ್ಲಿ ಒಂದು ಬ್ರ್ಯಾಕೆಟ್ ಮಾಡಿಸಿ ಕೂರಿಸುವ ಕೆಲಸ ಅಲ್ಲ ಅದು. ಘಾಟಿನಲ್ಲಿ ನಿಮಗೆ ಬೇಕಾದದ್ದು ಹೊಸ ಬ್ರೇಕ್ ಎಣ್ಣೆ ಮತ್ತು ಎರಡನೇ ಗೇರ್.

ಉದ್ಯಮಬಾಗಿನ ಮಾತು ಬಂತು. ನಮ್ಮೂರಿನ ಲೇತ್ ಕೆಲಸದವರ ಕೈಚಳಕದ ಬಗ್ಗೆ ನನಗೆ ಹೆಮ್ಮೆ ಇದೆ. ಡ್ರಮ್ ಸಮ ಮಾಡಿಸಿ, ಬುಷ್ ಮಾಡಿಸಿ, ಹಬ್ ಎಳೆಯುವ ಪುಲ್ಲರ್ ಮಾಡಿಸಿ, ಸವೆದ ವೀಲ್ ಸಿಲಿಂಡರಿಗೆ ಸ್ಟೇನ್‌ಲೆಸ್ ಸ್ಲೀವ್ ಹಾಕಿಸಿ, ಅಳತೆ ಮೊದಲಿನದೇ ಇರಲಿ. ಆದರೆ ಹಾಫ್ ಶಾಫ್ಟ್ ಮಾತ್ರ ಸುಮ್ನೆ ರಾಡ್ ತಂದು ತಿರುಗಿಸಿ ಹಾಕಬೇಡಿ. ಅದಕ್ಕೆ ತಕ್ಕ ಅಲಾಯ್ ಸ್ಟೀಲ್ ಬೇಕು, ಹೀಟ್ ಟ್ರೀಟ್‌ಮೆಂಟ್ ಬೇಕು. ಇಲ್ಲದಿದ್ದರೆ ತಿರುಚಿ ಮುರಿಯುತ್ತದೆ. ಇನ್ನೊಂದು, ಈ ಗಾಡಿಯ ಥ್ರೆಡ್ ಬಹುಪಾಲು ಯುಎನ್‌ಎಫ್, ಇಂಚಿನ ಲೆಕ್ಕದ್ದು. ಮೆಟ್ರಿಕ್ ಬೋಲ್ಟ್ ಎರಡು ಸುತ್ತು ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ, ಹುಡುಗ ಅದನ್ನು ‘ಟೈಟ್ ಆಯಿತು’ ಅಂತ ಬಿಡುತ್ತಾನೆ. ಬ್ರೇಕ್ ಪೈಪಿನ ಜಾಯಿಂಟಿನಲ್ಲಿ ಹಾಗಾದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಉಳಿದದ್ದು ಪುಣೆಯ ಆಕ್ಸಲ್. ಮೂರರಲ್ಲಿ ವಿಚಾರ ಮಾಡಬಹುದಾದದ್ದು ಇದೊಂದೇ. ಆದರೆ ಸ್ಟೀಲ್ ಚಕ್ರದ ಆಕ್ಸಲ್ ಸ್ಪೋಕ್ ಚಕ್ರದ್ದಕ್ಕಿಂತ ಅಗಲ. ಸ್ಪೋಕ್ ಚಕ್ರದ ಹಬ್ ಹೊರಗೆ ಚಾಚಿಕೊಳ್ಳುತ್ತದೆ ಅಂತಲೇ ಅದರ ಆಕ್ಸಲ್ ಗಿಡ್ಡ ಮಾಡಿದ್ದಾರೆ. ಅಗಲದ ಆಕ್ಸಲ್ ಮೇಲೆ ಅಡಾಪ್ಟರ್ ಇಟ್ಟು ನಿಮ್ಮ ಸ್ಪೋಕ್ ಚಕ್ರ ಹಾಕಿದರೆ ಇಬ್ಬರು ಕೂತು ಗುಂಡಿ ಹಾರಿದಾಗ ಟೈರ್ ಮಡ್‌ಗಾರ್ಡಿನ ಅಂಚಿಗೆ ಉಜ್ಜುತ್ತದೆ. ಹಿಂದೆ ಸ್ಟೀಲ್, ಮುಂದೆ ಸ್ಪೋಕ್ ಇಟ್ಟರೆ ಒಂದು ಸ್ಟೆಪ್ನಿ ಎರಡಕ್ಕೂ ಆಗುವುದಿಲ್ಲ. ಹಾಗಾಗಿ ಅದನ್ನು ಕೊಂಡರೆ ಮುಂದಿನ ಹಬ್ಬೂ ಸೇರಿ ನಾಲ್ಕೂ ಸ್ಟೀಲ್ ಚಕ್ರಕ್ಕೆ ಹೋಗಿ. ಅದರಲ್ಲಿ ತಪ್ಪೇನಿಲ್ಲ. ಸ್ಪೋಕ್ ಟೈಟ್ ಮಾಡುವ, ಗ್ರೀಸ್ ಹಚ್ಚುವ ಗೋಳು ತಪ್ಪುತ್ತದೆ. ನಿಮ್ಮ ಮಾವನವರ ಗಾಡಿಯ ಚಂದ ಸ್ವಲ್ಪ ಕಮ್ಮಿಯಾಗುತ್ತದೆ, ಅದು ನಿಮಗೆ ಬಿಟ್ಟದ್ದು. ನನ್ನ ಮನಸ್ಸು ಕೇಳಿದರೆ, ಪುಣೆಯ ಆಕ್ಸಲನ್ನು ಒಳಗಿನ ಡಿಫರೆನ್ಶಿಯಲ್‌ಗಾಗಿ ಕೊಳ್ಳಬಹುದು, ಅದೂ ಟ್ಯೂಬ್ ಮಾದರಿಯೇ ಆಗಿದ್ದು ಹಲ್ಲುಗಳು ಚೆನ್ನಾಗಿದ್ದರೆ. ಹೌಸಿಂಗ್ ನಿಮ್ಮದೇ ಇರಲಿ. ಈ ಅದಲುಬದಲಿಗೆ ಬೇರಿಂಗಿನ ಬಿಗಿ (ಪ್ರೀಲೋಡ್), ಹಲ್ಲಿನ ಸಂದು ಅಳೆದು ತೆಳು ತಗಡಿನ ಶಿಮ್ ಕೂರಿಸುವ ಕೈ ಬೇಕು. ಡಯಲ್ ಗೇಜ್ ಇಲ್ಲದವರ ಹತ್ತಿರ ಕೊಡಬೇಡಿ.

ಯಾವ ದಾರಿಯೇ ಹಿಡಿದರೂ ಹಬ್ ಬಿಚ್ಚಿದಾಗ ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ ಅಂತ ಬಣ್ಣದಲ್ಲಿ ಬರೆದಿಡಿ. ಸ್ಪೋಕ್ ಚಕ್ರದ ಎಂಜಿಬಿಯಲ್ಲಿ ಎಡಗಡೆಯ ಹಬ್ಬಿಗೆ ಮಾಮೂಲಿ ಥ್ರೆಡ್, ಬಲಗಡೆಗೆ ಉಲ್ಟಾ ಥ್ರೆಡ್. ಎರಡೂ ಕಡೆ ನಟ್ ಸಡಿಲ ಮಾಡಬೇಕಾದರೆ ಗಾಡಿ ಮುಂದೆ ಹೋಗುವಾಗ ಚಕ್ರ ತಿರುಗುವ ದಿಕ್ಕಿಗೇ ತಿರುಗಿಸಬೇಕು. ಹಾಗೆ ಮಾಡಿರುವುದು ಓಡುತ್ತಾ ಓಡುತ್ತಾ ನಟ್ ಬಿಗಿಯಾಗಲಿ ಅಂತ. ಅದಲು ಬದಲಾದರೆ ಓಡುತ್ತಾ ಓಡುತ್ತಾ ಬಿಚ್ಚುತ್ತದೆ. ಬೇರೆ ಕಡೆ ಆಕ್ಸಲ್ ಕೆಲಸ ಮಾಡಿಸಿದ ಒಂದು ಗಾಡಿ ನನ್ನ ಹತ್ತಿರ ಬಂದಿತ್ತು. ಹಿಂದೆ ಏನೋ ತೇಲಿದ ಹಾಗೆ ಆಗುತ್ತದೆ ಅಂದರು. ನಾನು ಬಗ್ಗಿ ನಟ್ ಮುಟ್ಟಿದೆ. ಬರೀ ಕೈಗೆ ತಿರುಗಿತು. ಎರಡು ಹಬ್ ಅದಲು ಬದಲಾಗಿದ್ದವು. ಹಿಂದಿನ ಸೀಟಿನ ಜಾಗದಲ್ಲಿ ಮಗುವಿನ ಚಪ್ಪಲಿ ಇತ್ತು. ಆ ದಿನ ನನಗೆ ಊಟ ಸೇರಲಿಲ್ಲ.

ಡ್ರಮ್ಮಿನ ಒಳಗೆ ಹಾಫ್ ಶಾಫ್ಟ್ ತುದಿಯ ನಟ್ ಕೂಡ ಅಂದಾಜಿಗೆ ಬಿಗಿಯುವುದಲ್ಲ. ಟ್ಯೂಬ್ ಆಕ್ಸಲ್‌ಗೆ 150 ಪೌಂಡ್-ಅಡಿ, ಅಂದರೆ ಸುಮಾರು 203 ನ್ಯೂಟನ್ ಮೀಟರ್. ಟಾರ್ಕ್ ರೆಂಚ್ ಬೇಕೇ ಬೇಕು. ಕಾಟರ್ ಪಿನ್ ತೂತು ಕೂಡದಿದ್ದರೆ ಇನ್ನಷ್ಟು ಬಿಗಿಯಿರಿ, ಸಡಿಲಿಸಬೇಡಿ.

ಕಾನೂನಿನ ಮಾತು ಚಿಕ್ಕದಾಗಿ. ತಯಾರಕರು ಕೊಟ್ಟ ರಚನೆಯನ್ನು ಬದಲಿಸಬಾರದು ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮ ಗಾಡಿಗೆ 50 ವರ್ಷ ದಾಟಿದೆ, 2021ರ ನಿಯಮದ ಪ್ರಕಾರ ವಿಂಟೇಜ್ ನೋಂದಣಿಗೆ ಅರ್ಜಿ ಹಾಕಬಹುದು. ಆದರೆ ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಇಂಜಿನ್ ಬದಲಾಗಿರಬಾರದು. ಆ ನೋಂದಣಿ ಆದಮೇಲೆ ದಿನನಿತ್ಯ ಓಡಿಸುವಂತಿಲ್ಲ, ಪ್ರದರ್ಶನ, ರ‍್ಯಾಲಿ, ರಿಪೇರಿಯಂಥ ಕೆಲಸಕ್ಕೆ ಮಾತ್ರ. ಅಂಬಾಸಿಡರ್ ಆಕ್ಸಲ್ ವೆಲ್ಡ್ ಮಾಡಿದ ಗಾಡಿಯನ್ನು ಆರ್‌ಟಿಒ ಮುಂದೆ, ನಾಳೆ ಏನಾದರೂ ಆದರೆ ವಿಮೆಯವರ ಮುಂದೆ ನಿಲ್ಲಿಸುವುದು ಕಷ್ಟ.

ನಾನು ನಿಮ್ಮ ಜಾಗದಲ್ಲಿದ್ದರೆ ಈ ವಾರ ಮಾಡುವುದು ಇಷ್ಟು. ನಾಲ್ಕೂ ಚಕ್ರ ಬಿಚ್ಚುವುದು, ಹಿಂದಿನ ಎರಡು ವೀಲ್ ಸಿಲಿಂಡರ್ ಮತ್ತು ಮೂರೂ ಹೋಸ್ ಹೊಸದು ಹಾಕುವುದು, ಕ್ಯಾಲಿಪರ್ ತೆರೆಸುವುದು, ಬ್ರೇಕ್ ಎಣ್ಣೆ ಬದಲಿಸುವುದು, ಬ್ರೀದರ್ ಸ್ವಚ್ಛ ಮಾಡುವುದು. ಹಿಂದಿನ ಬ್ಯಾಕ್ ಪ್ಲೇಟಿನಲ್ಲಿ ಚೌಕ ತಲೆಯ ಅಡ್ಜಸ್ಟರ್ ಇದೆ, ವರ್ಷಗಟ್ಟಲೆ ಮುಟ್ಟದೆ ಜಾಮ್ ಆಗಿರುತ್ತದೆ. ಹಿಂದಿನ ದಿನವೇ ಎಣ್ಣೆ ಬಿಟ್ಟು ಮೆಲ್ಲಗೆ ಬಿಡಿಸಿ, ಹೊಸ ಶೂಗೆ ಅದು ತಾಗದಂತೆ ಒರೆಸಿ. ಚಕ್ರ ನಿಲ್ಲುವ ತನಕ ಬಿಗಿದು, ಉಜ್ಜದೆ ತಿರುಗುವಷ್ಟು ಹಿಂದೆ ಬಿಡಿ. ಪುಣೆಯವರಿಗೆ ಮುಂಗಡ ಕೊಡುವುದನ್ನು ಹದಿನೈದು ದಿನ ಮುಂದೂಡಿ. ಹ್ಯಾಂಡ್‌ಬ್ರೇಕ್ ಹಾಕಿ ಚಕ್ರ ಅಲುಗಾಡಿಸಿದಾಗ ಡ್ರಮ್ ನಿಂತು ಚಕ್ರ ಮಾತ್ರ ಆಡಿತೋ ಇಲ್ಲವೋ, ಬೆರಳಿಗೆ ಹತ್ತಿದ ಎಣ್ಣೆ ನೀರಿಗೆ ಹೋಯಿತೋ ಇಲ್ಲವೋ, ಈ ಎರಡನ್ನು ನನಗೆ ಬರೆದು ಕಳಿಸಿ. ಮುಂದಿನದನ್ನು ಅದರ ಮೇಲೆ ಹೇಳುತ್ತೇನೆ.